ಮುಂದುವರಿದ ಲಿವರ್ ಕ್ಯಾನ್ಸರ್‌ಗೆ ಜೋಡಿ ಔಷಧಿ: ಕ್ಲಿನಿಕಲ್ ಟ್ರಯಲ್ ನಡೆಸುವ ಬಗೆ, ಹಂತ ಹಂತವಾಗಿ

ಮುಂದುವರಿದ ಲಿವರ್ ಕ್ಯಾನ್ಸರ್ ಇರುವ ಹೆಚ್ಚಿನವರ ದೇಹದಲ್ಲಿ ಎರಡು ರೋಗಗಳಿರುತ್ತವೆ. ಗಡ್ಡೆ ಒಂದು, ಗಡ್ಡೆ ಹುಟ್ಟುವ ಮೊದಲೇ ಹಾಳಾಗಿದ್ದ ಲಿವರ್ ಇನ್ನೊಂದು. ಹೆಪಟೈಟಿಸ್ ಬಿ ಅಥವಾ ಸಿ ವೈರಸ್, ಮದ್ಯ, ಕೊಬ್ಬು ತುಂಬಿದ ಲಿವರ್, ಹೀಗೆ ಕಾರಣ ಯಾವುದೇ ಇರಲಿ, ಲಿವರ್ ಕಲೆಗಟ್ಟಿ ಗಟ್ಟಿಯಾಗುವ ಸಿರೋಸಿಸ್ ಆಗಲೇ ಬೇರೂರಿರುತ್ತದೆ. ಗಡ್ಡೆ ಕುಗ್ಗಿದರೂ ಲಿವರ್ ಕೈಕೊಟ್ಟು ರೋಗಿ ತೀರಿಕೊಂಡರೆ ಆ ಚಿಕಿತ್ಸೆ ಸೋತಂತೆಯೇ. ಎರಡು ಔಷಧಿಗಳನ್ನು ಜೋಡಿಸಿ ಪರೀಕ್ಷಿಸುವ ಟ್ರಯಲ್‌ನಲ್ಲಿ ಯಾರನ್ನು ಸೇರಿಸಬೇಕು, ಎಷ್ಟು ಡೋಸ್ ಕೊಡಬೇಕು, ಯಾವಾಗ ನಿಲ್ಲಿಸಬೇಕು ಎಂಬ ಪ್ರತಿಯೊಂದು ತೀರ್ಮಾನವನ್ನೂ ಈ ಎರಡನೇ ರೋಗದ ಎದುರಿಗಿಟ್ಟೇ ತೂಗಬೇಕು.

ಟ್ರಯಲ್ ತಂಡಕ್ಕೆ ಹೊಸದಾಗಿ ಸೇರಿದ ವೈದ್ಯರು, ಕೋಆರ್ಡಿನೇಟರ್‌ಗಳು, ಮನೆಯವರೊಬ್ಬರನ್ನು ಟ್ರಯಲ್‌ಗೆ ಸೇರಿಸುವುದೋ ಬೇಡವೋ ಎಂದು ಯೋಚಿಸುತ್ತಿರುವವರು, ಮೂವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ. ಇಲ್ಲಿ ಹೇಳುವುದೆಲ್ಲ ಲಿವರ್ ಜೀವಕೋಶಗಳಲ್ಲೇ ಹುಟ್ಟುವ ಹೆಪಟೋಸೆಲ್ಯುಲಾರ್ ಕಾರ್ಸಿನೋಮಾಕ್ಕೆ ಅನ್ವಯಿಸುತ್ತದೆ. ಬೇರೆ ಅಂಗದಿಂದ ಲಿವರ್‌ಗೆ ಹರಡಿದ ಕ್ಯಾನ್ಸರ್‌ನ ಲೆಕ್ಕವೇ ಬೇರೆ.

ಮೊದಲ ಹೆಜ್ಜೆ: ಈ ಎರಡೇ ಔಷಧಿ ಯಾಕೆ?

2008ರಲ್ಲಿ ಶಾರ್ಪ್ ಟ್ರಯಲ್‌ನ ಫಲಿತಾಂಶ ಬಂದಾಗ ಸೊರಾಫೆನಿಬ್ ಮಾತ್ರೆ ಮಧ್ಯಮ ಬದುಕಿನ ಅವಧಿಯನ್ನು (ಅರ್ಧದಷ್ಟು ರೋಗಿಗಳು ಬದುಕಿರುವ ಕಾಲವನ್ನು) 7.9 ತಿಂಗಳಿಂದ 10.7 ತಿಂಗಳಿಗೆ ಏರಿಸಿತ್ತು. ಅದರ ಜೊತೆಗೆ ಇನ್ನೊಂದು ಔಷಧಿ ಸೇರಿಸಿದರೆ ಇನ್ನಷ್ಟು ಲಾಭವಾದೀತೆಂಬ ಆಸೆಯಿಂದ ಹಲವು ಪ್ರಯತ್ನಗಳು ನಡೆದವು. ಸೊರಾಫೆನಿಬ್ ಜೊತೆ ಎರ್ಲೋಟಿನಿಬ್ ಕೊಟ್ಟ ಸರ್ಚ್ ಟ್ರಯಲ್‌ನಲ್ಲಿ ಬದುಕಿನ ಅವಧಿ ಗಣನೀಯವಾಗಿ ಹೆಚ್ಚಲಿಲ್ಲ. ಡಾಕ್ಸೊರುಬಿಸಿನ್ ಸೇರಿಸಿದ ಪ್ರಯೋಗದ ಕಥೆ ಇನ್ನೂ ಚೆನ್ನಾಗಿ ಪಾಠ ಹೇಳುತ್ತದೆ. ಎರಡನೇ ಹಂತದ ಸಣ್ಣ ಟ್ರಯಲ್‌ನಲ್ಲಿ ಆ ಜೋಡಿ ಭಾರಿ ಭರವಸೆ ಹುಟ್ಟಿಸಿತ್ತು, ಆದರೆ ಅಲ್ಲಿ ಅದನ್ನು ಹೋಲಿಸಿದ್ದು ಡಾಕ್ಸೊರುಬಿಸಿನ್ ಒಂದರ ಜೊತೆಗೆ. ಮೂರನೇ ಹಂತದ ದೊಡ್ಡ ಟ್ರಯಲ್‌ನಲ್ಲಿ ಸೊರಾಫೆನಿಬ್ ಒಂದರ ಜೊತೆ ಹೋಲಿಸಿದಾಗ ಲಾಭ ಕಾಣಿಸಲಿಲ್ಲ, ಅಡ್ಡಪರಿಣಾಮ ಮಾತ್ರ ಹೆಚ್ಚಾಯಿತು. ಮೊದಲ ಪ್ರಯೋಗದಲ್ಲಿ ಕಂಡದ್ದು ಬಹುಮಟ್ಟಿಗೆ ಸೊರಾಫೆನಿಬ್‌ನ ಗುಣವೇ.

ಆದ್ದರಿಂದ ಪ್ರೋಟೋಕಾಲ್ (ಟ್ರಯಲ್‌ನ ನಿಯಮಪುಸ್ತಕ) ಬರೆಯುವ ಮೊದಲು ಮೂರು ಪ್ರಶ್ನೆಗಳಿಗೆ ಉತ್ತರ ಸಿಗಬೇಕು. ಎರಡು ಔಷಧಿಗಳೂ ಬೇರೆ ಬೇರೆ ದಾರಿಯಲ್ಲಿ ಕೆಲಸ ಮಾಡುತ್ತವೆಯೇ? ಎರಡರ ಅಡ್ಡಪರಿಣಾಮಗಳೂ ಒಂದೇ ಅಂಗದ ಮೇಲೆ ಬೀಳುತ್ತವೆಯೇ? ಎರಡನೇ ಔಷಧಿ ಸೇರಿಸಿದ್ದರಿಂದಲೇ ಲಾಭವಾಯಿತೆಂದು ತೋರಿಸುವುದು ಹೇಗೆ?

ಅಟೆಜೊಲಿಜುಮಾಬ್ ಮತ್ತು ಬೆವಾಸಿಜುಮಾಬ್ ಜೋಡಿ ಈ ಮೂರಕ್ಕೂ ಉತ್ತರ ಕೊಟ್ಟಿತು. ಬೆವಾಸಿಜುಮಾಬ್ ತಡೆಯುವ ವಿಇಜಿಎಫ್ ಎಂಬ ಪ್ರೋಟೀನ್ ಗಡ್ಡೆಗೆ ರಕ್ತನಾಳ ಬೆಳೆಸುವುದಷ್ಟೇ ಅಲ್ಲ, ರೋಗನಿರೋಧಕ ಟಿ ಕೋಶಗಳು ಗಡ್ಡೆಯೊಳಗೆ ಬರದಂತೆಯೂ ನೋಡಿಕೊಳ್ಳುತ್ತದೆ. ಆ ಅಡ್ಡಿ ತೆಗೆದರೆ, ಟಿ ಕೋಶಗಳನ್ನು ಗಡ್ಡೆಯ ವಿರುದ್ಧ ಎಬ್ಬಿಸುವ ಇಮ್ಯುನೋಥೆರಪಿ ಔಷಧಿ ಅಟೆಜೊಲಿಜುಮಾಬ್‌ನ ಕೆಲಸ ಸಲೀಸಾಗುತ್ತದೆ. ದೊಡ್ಡ ಟ್ರಯಲ್‌ಗೆ ಮೊದಲೇ, ಆರಂಭಿಕ ಪ್ರಯೋಗದ ಒಂದು ಭಾಗದಲ್ಲಿ, ಜೋಡಿಯನ್ನು ಅಟೆಜೊಲಿಜುಮಾಬ್ ಒಂದರ ಜೊತೆ ನೇರವಾಗಿ ಹೋಲಿಸಿ ನೋಡಿದರು: ರೋಗ ಮುಂದುವರಿಯದೆ ಇದ್ದ ಅವಧಿ 3.4 ತಿಂಗಳಿಂದ 5.6 ತಿಂಗಳಿಗೆ ಏರಿತು. ಇಂಥ ಸಣ್ಣ ಹೋಲಿಕೆಯನ್ನು ಬಿಟ್ಟು ನೇರವಾಗಿ ನೂರಾರು ರೋಗಿಗಳ ಟ್ರಯಲ್‌ಗೆ ಕೈ ಹಾಕುವುದು ರೋಗಿಗಳಿಗೆ ಮಾಡುವ ಅನ್ಯಾಯ ಎಂಬುದು ನಮ್ಮ ಸ್ಪಷ್ಟ ನಿಲುವು.

ಎರಡನೇ ಹೆಜ್ಜೆ: ಡೋಸ್ ಗೊತ್ತುಮಾಡುವುದು

ಹಳೆಯ, ಈಗಲೂ ಬಳಕೆಯಲ್ಲಿರುವ ವಿಧಾನ ಮೂರು-ಮೂರರದು. ಮೂವರಿಗೆ ಒಂದು ಡೋಸ್ ಕೊಡಿ. ಯಾರಿಗೂ ತೀವ್ರ ತೊಂದರೆ ಆಗದಿದ್ದರೆ ಮುಂದಿನ ಡೋಸ್‌ಗೆ ಹೋಗಿ. ಒಬ್ಬರಿಗೆ ಆದರೆ ಅದೇ ಡೋಸ್‌ನಲ್ಲಿ ಇನ್ನೂ ಮೂವರನ್ನು ಸೇರಿಸಿ. ಇಬ್ಬರಿಗೆ ಅಥವಾ ಹೆಚ್ಚು ಜನಕ್ಕೆ ಆದರೆ ಆ ಡೋಸ್ ಹೆಚ್ಚಾಯಿತೆಂದು ಹಿಂದಕ್ಕೆ ಬನ್ನಿ. ಜೋಡಿಯಲ್ಲಿ ಒಂದು ಸಲಕ್ಕೆ ಒಂದೇ ಔಷಧಿಯ ಡೋಸ್ ಏರಿಸಬೇಕು. ಎರಡನ್ನೂ ಒಟ್ಟಿಗೆ ಏರಿಸಿದರೆ ತೊಂದರೆ ಯಾವುದರಿಂದ ಎಂದು ಹೇಳಲು ಆಗುವುದಿಲ್ಲ.

ಲಿವರ್ ಕ್ಯಾನ್ಸರ್‌ನಲ್ಲಿ ಇಲ್ಲಿ ಎರಡು ಕಡೆ ಎಡವುತ್ತಾರೆ. ತೊಂದರೆ ಗಮನಿಸುವ ಅವಧಿ ಸಾಮಾನ್ಯವಾಗಿ 21 ಅಥವಾ 28 ದಿನ. ಇಮ್ಯುನೋಥೆರಪಿಯ ತೊಂದರೆಗಳು ಎಷ್ಟೋ ಸಲ ಎರಡನೇ ಮೂರನೇ ತಿಂಗಳಲ್ಲಿ ತಲೆ ಎತ್ತುತ್ತವೆ. ಅವಧಿ ಮುಗಿದ ಮೇಲೆ ಕಾಣಿಸಿದ ತೊಂದರೆಯನ್ನೂ ಡೋಸ್ ತೀರ್ಮಾನಿಸುವವರ ಮೇಜಿಗೆ ತಲುಪಿಸುವ ನಿಯಮ ಪ್ರೋಟೋಕಾಲ್‌ನಲ್ಲೇ ಇರಬೇಕು. ಇನ್ನೊಂದು, ಲಿವರ್ ಹಾನಿ ತೋರಿಸುವ ಎಎಲ್‌ಟಿ, ಎಎಸ್‌ಟಿ ಕಿಣ್ವಗಳು ಈ ರೋಗಿಗಳಲ್ಲಿ ಮೊದಲೇ ಏರಿರುತ್ತವೆ. ಸಹಜ ಮಿತಿಯ 5 ಪಟ್ಟು ದಾಟಿದರೆ ಮೂರನೇ ದರ್ಜೆಯ (ತೀವ್ರ) ತೊಂದರೆ ಎಂಬ ನಿಯಮವನ್ನು ಹಾಗೇ ಹಾಕಿದರೆ, ಆಗಲೇ 3 ಪಟ್ಟು ಇದ್ದವರು ಸ್ವಲ್ಪ ಏರಿಳಿತಕ್ಕೇ ಟ್ರಯಲ್‌ನಿಂದ ಹೊರಬೀಳುತ್ತಾರೆ. ಅಡ್ಡಪರಿಣಾಮ ಅಳೆಯುವ ಸಿಟಿಸಿಎಇ ಮಾನದಂಡದ 5ನೇ ಆವೃತ್ತಿ ಇದಕ್ಕೆ ದಾರಿ ತೋರಿಸಿದೆ: ಆರಂಭದ ಮಟ್ಟ ಅಸಹಜವಾಗಿದ್ದರೆ ಪಟ್ಟನ್ನು ಆ ಆರಂಭದ ಮಟ್ಟದಿಂದಲೇ ಎಣಿಸಬೇಕು.

ಡೋಸ್ ಎಂದರೆ ಪ್ರಮಾಣ ಮಾತ್ರವಲ್ಲ, ಎಷ್ಟು ಸಲ ಎಂಬುದೂ ಸೇರಿದೆ. ಟ್ರೆಮೆಲಿಮುಮಾಬ್ ಎಂಬ ಇಮ್ಯುನೋಥೆರಪಿ ಔಷಧಿಯನ್ನು ಕಡಿಮೆ ಪ್ರಮಾಣದಲ್ಲಿ ನಾಲ್ಕು ಸಲ ಕೊಡುವ ಬಗೆಯನ್ನೂ, ಒಂದೇ ಸಲ 300 ಮಿ.ಗ್ರಾಂ ಕೊಡುವ ಬಗೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದ ಮೇಲೆಯೇ, ಒಂದೇ ದೊಡ್ಡ ಡೋಸ್ ಜೊತೆಗೆ ನಾಲ್ಕು ವಾರಕ್ಕೊಮ್ಮೆ 1500 ಮಿ.ಗ್ರಾಂ ಡುರ್ವಾಲುಮಾಬ್ ಎಂಬ ಕ್ರಮ, ಈ ಜೋಡಿಯನ್ನು ಸೊರಾಫೆನಿಬ್ ಜೊತೆ ಹೋಲಿಸಿದ ಹಿಮಾಲಯಾ ಟ್ರಯಲ್‌ಗೆ ಆಯ್ಕೆಯಾಯಿತು.

ಮೂರನೇ ಹೆಜ್ಜೆ: ಯಾರನ್ನು ಸೇರಿಸಬಹುದು

ಇಡೀ ಟ್ರಯಲ್‌ನ ಹಣೆಬರಹ ಇಲ್ಲಿ ತೀರ್ಮಾನವಾಗುತ್ತದೆ. ಲಿವರ್‌ನ ಶಕ್ತಿ ಅಳೆಯುವ ಚೈಲ್ಡ್-ಪ್ಯೂ ಅಂಕಪಟ್ಟಿಯಲ್ಲಿ ಐದು ಅಂಶಗಳು, ಪ್ರತಿಯೊಂದಕ್ಕೂ 1ರಿಂದ 3 ಅಂಕ. ಕಾಮಾಲೆ ತೋರಿಸುವ ಬಿಲಿರುಬಿನ್ 2ಕ್ಕಿಂತ ಕಡಿಮೆ ಇದ್ದರೆ 1, 2ರಿಂದ 3ರವರೆಗೆ 2, ಅದಕ್ಕೂ ಮೇಲೆ 3 ಅಂಕ. ಲಿವರ್ ತಯಾರಿಸುವ ಪ್ರೋಟೀನ್ ಆಲ್ಬುಮಿನ್ 3.5ಕ್ಕಿಂತ ಹೆಚ್ಚಿದ್ದರೆ 1, 2.8ರಿಂದ 3.5ರವರೆಗೆ 2, ಕಡಿಮೆಯಾದರೆ 3. ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ಅಳೆಯುವ ಐಎನ್‌ಆರ್ 1.7ರ ಕೆಳಗೆ 1, 2.3ರವರೆಗೆ 2, ಆಮೇಲೆ 3. ಉಳಿದೆರಡು ಹೊಟ್ಟೆಯಲ್ಲಿ ನೀರು ಮತ್ತು ಲಿವರ್ ವೈಫಲ್ಯದಿಂದಾಗುವ ಬುದ್ಧಿಮಂಕು. ಒಟ್ಟು 5–6 ಬಂದರೆ ಎ ವರ್ಗ, 7–9 ಬಿ, 10–15 ಸಿ. ಮೂರನೇ ಹಂತದ ಟ್ರಯಲ್‌ಗಳು ಹೆಚ್ಚಾಗಿ ಎ ವರ್ಗದವರನ್ನು ಮಾತ್ರ ತೆಗೆದುಕೊಳ್ಳುತ್ತವೆ.

ಒಂದು ಉದಾಹರಣೆ. ಬಿಲಿರುಬಿನ್ 2.1, ಆಲ್ಬುಮಿನ್ 3.4, ಐಎನ್‌ಆರ್ 1.3, ಹೊಟ್ಟೆಯಲ್ಲಿ ನೀರಿಲ್ಲ, ಬುದ್ಧಿ ಸ್ಪಷ್ಟ. ಅಂಕ 2+2+1+1+1, ಒಟ್ಟು 7, ಅಂದರೆ ಬಿ ವರ್ಗ. ನಡೆದಾಡಿಕೊಂಡು ಬಂದು ಎದುರಿಗೆ ಕೂತು ಮಾತಾಡುವ ರೋಗಿ ನೋಡಲು ಚೆನ್ನಾಗಿಯೇ ಇರುತ್ತಾರೆ. ಇಲ್ಲೇ ಒತ್ತಡ ಬರುವುದು. ಇನ್ನೊಮ್ಮೆ ರಕ್ತ ತೆಗೆದರೆ ಆಲ್ಬುಮಿನ್ 3.6 ಬರಬಹುದಲ್ಲ ಎಂದು ಯಾರಾದರೂ ಕೇಳುತ್ತಾರೆ. ಮರುಪರೀಕ್ಷೆ ಎಷ್ಟು ಸಲ, ಎಷ್ಟು ದಿನದೊಳಗೆ ಎಂಬುದನ್ನು ಪ್ರೋಟೋಕಾಲ್ ಮೊದಲೇ ಹೇಳಿರಬೇಕು. ಐದೂ ಅಂಶಗಳು ಒಂದೇ ದಿನದ್ದಾಗಿರಲಿ. ಹಿಂದಿನ ದಿನಗಳಲ್ಲಿ ಆಲ್ಬುಮಿನ್ ಡ್ರಿಪ್ ಕೊಟ್ಟಿದ್ದರೆ ಆ ಸಂಖ್ಯೆಯನ್ನು ನಂಬಬೇಡಿ. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ ಐಎನ್‌ಆರ್ ಲಿವರ್‌ನ ಕಥೆ ಹೇಳುವುದಿಲ್ಲ. ಮೂತ್ರ ಹೆಚ್ಚಿಸುವ ಮಾತ್ರೆಯಿಂದ ನೀರು ಹಿಡಿತದಲ್ಲಿದ್ದರೆ ಅದಕ್ಕೆ ಎಷ್ಟು ಅಂಕ ಎಂಬುದೂ ಬರಹದಲ್ಲಿರಬೇಕು. ಇಲ್ಲದಿದ್ದರೆ ಒಂದೊಂದು ಆಸ್ಪತ್ರೆ ಒಂದೊಂದು ಲೆಕ್ಕ ಹಾಕುತ್ತದೆ.

ಎರಡನೆಯದು ಎಂಡೋಸ್ಕೋಪಿ. ಸಿರೋಸಿಸ್‌ನಿಂದ ಪೋರ್ಟಲ್ ರಕ್ತನಾಳದಲ್ಲಿ ಒತ್ತಡ ಹೆಚ್ಚಿ ಅನ್ನನಾಳದ ರಕ್ತನಾಳಗಳು ಉಬ್ಬಿಕೊಂಡಿರುತ್ತವೆ. ವಿಇಜಿಎಫ್ ತಡೆಯುವ ಔಷಧಿ ಕೊಟ್ಟಾಗ ಅವು ಒಡೆದು ರಕ್ತಸ್ರಾವವಾಗುವ ಭಯವಿದೆ. ಅಟೆಜೊಲಿಜುಮಾಬ್ ಮತ್ತು ಬೆವಾಸಿಜುಮಾಬ್ ಜೋಡಿಯನ್ನು ಸೊರಾಫೆನಿಬ್ ಜೊತೆ ಹೋಲಿಸಿದ ಐಎಂಬ್ರೇವ್150 ಟ್ರಯಲ್‌ನಲ್ಲಿ, ಚಿಕಿತ್ಸೆಗೆ ಮುಂಚಿನ 6 ತಿಂಗಳೊಳಗೆ ಎಂಡೋಸ್ಕೋಪಿ ಆಗಿರಬೇಕು, ಉಬ್ಬಿದ ನಾಳಗಳಿದ್ದರೆ ಅವಕ್ಕೆ ಚಿಕಿತ್ಸೆ ಆಗಿರಬೇಕು ಎಂಬ ಷರತ್ತಿತ್ತು. ಬೆವಾಸಿಜುಮಾಬ್ ಇಲ್ಲದ ಹಿಮಾಲಯಾದಲ್ಲಿ ಇದು ಕಡ್ಡಾಯವಾಗಿರಲಿಲ್ಲ. ಉಬ್ಬಿದ ನಾಳಕ್ಕೆ ರಬ್ಬರ್ ಬ್ಯಾಂಡ್ ಬಿಗಿದ ಕಡೆ ಆದ ಹುಣ್ಣು ಮಾಯುವ ಮೊದಲೇ ಬೆವಾಸಿಜುಮಾಬ್ ಶುರು ಮಾಡಿದರೆ ರಕ್ತಸ್ರಾವವನ್ನು ನಾವೇ ಕರೆದಂತೆ.

ಮೂರನೆಯದು ಹೆಪಟೈಟಿಸ್ ಬಿ. ವೈರಸ್ ಇದ್ದವರಿಗೆ ವೈರಸ್ ನಿಗ್ರಹಿಸುವ ಮಾತ್ರೆ ಶುರುವಾಗಿ, ರಕ್ತದಲ್ಲಿ ವೈರಸ್ ಡಿಎನ್‌ಎ ಮಿಲಿಲೀಟರ್‌ಗೆ 500 ಯುನಿಟ್‌ಗಿಂತ ಕೆಳಗಿರಬೇಕೆಂಬುದು ಹಲವು ಟ್ರಯಲ್‌ಗಳ ಷರತ್ತು. ಐಎಂಬ್ರೇವ್150ರಲ್ಲಿ ಕನಿಷ್ಠ 14 ದಿನ ಮೊದಲೇ ಮಾತ್ರೆ ಶುರುವಾಗಿರಬೇಕಿತ್ತು, ಟ್ರಯಲ್ ಉದ್ದಕ್ಕೂ ಮುಂದುವರಿಯಬೇಕಿತ್ತು. ಈ ಮಾತ್ರೆ ಖಾಲಿಯಾದದ್ದನ್ನು ಯಾರೂ ಗಮನಿಸದೆ ಹೋದರೆ ವೈರಸ್ ಮತ್ತೆ ಎದ್ದು, ಕಿಣ್ವಗಳು ಏರಿ, ತಪ್ಪು ಟ್ರಯಲ್ ಔಷಧಿಯ ತಲೆಗೆ ಬರುತ್ತದೆ. ಪ್ರತಿ ಭೇಟಿಯಲ್ಲೂ ಮಾತ್ರೆ ಎಣಿಸಿ.

ಉಳಿದವು ಚುಟುಕಾಗಿ: ಮೂತ್ರದಲ್ಲಿ ಪ್ರೋಟೀನ್ ನೋಡಿ, ರಕ್ತದೊತ್ತಡ ಹಿಡಿತಕ್ಕೆ ತನ್ನಿ, ಅಂಗ ಕಸಿ ಮಾಡಿಸಿಕೊಂಡವರನ್ನು ಇಮ್ಯುನೋಥೆರಪಿಯ ಟ್ರಯಲ್‌ಗೆ ತೆಗೆದುಕೊಳ್ಳಬೇಡಿ, ಕಸಿಯಾದ ಅಂಗವನ್ನೇ ದೇಹ ತಿರಸ್ಕರಿಸಬಹುದು. ಸಿರೋಸಿಸ್ ಇಲ್ಲದವರಲ್ಲಿ ಸ್ಕ್ಯಾನ್ ಒಂದನ್ನೇ ನಂಬಿ ರೋಗ ಖಚಿತಪಡಿಸದೆ ಬಯಾಪ್ಸಿ ಮಾಡಿಸಿ.

ನಾಲ್ಕನೇ ಹೆಜ್ಜೆ: ಹೋಲಿಕೆ ಮತ್ತು ಲೆಕ್ಕ

ರೋಗಿಗಳನ್ನು ಕಂಪ್ಯೂಟರ್ ಗುಂಪುಗಳಿಗೆ ಹಂಚುತ್ತದೆ. ಫಲಿತಾಂಶವನ್ನು ತಿರುಚಬಲ್ಲ ಅಂಶಗಳು ಎರಡೂ ಗುಂಪಿನಲ್ಲಿ ಸಮನಾಗಿರಬೇಕು: ರಕ್ತನಾಳದೊಳಗೆ ಗಡ್ಡೆ ನುಗ್ಗಿದೆಯೇ ಅಥವಾ ಲಿವರ್ ಆಚೆ ಹರಡಿದೆಯೇ, ರಕ್ತದಲ್ಲಿ ಗಡ್ಡೆಯ ಗುರುತಾದ ಎಎಫ್‌ಪಿ 400ಕ್ಕಿಂತ ಮೇಲಿದೆಯೇ, ದಿನನಿತ್ಯದ ಚಟುವಟಿಕೆ ಎಷ್ಟು ಸಾಧ್ಯ, ಯಾವ ಪ್ರದೇಶದವರು.

ಎಷ್ಟು ಜನ ಬೇಕು ಎಂಬುದು ಎಷ್ಟು ಸಾವುಗಳು ದಾಖಲಾಗಬೇಕು ಎಂಬುದರ ಮೇಲೆ ನಿಂತಿದೆ. ಸಾವಿನ ಅಪಾಯವನ್ನು ಹೋಲಿಸುವ ಹಜಾರ್ಡ್ ರೇಶಿಯೊ 0.70 (ಅಂದರೆ ಅಪಾಯ ಶೇ 30 ಕಡಿಮೆ) ಇರಬಹುದೆಂದು ಎಣಿಸಿ, ಎರಡು ಸಮಾನ ಗುಂಪು, ಎರಡೂ ಬದಿ ಸೇರಿ ಶೇ 5ರ ತಪ್ಪಿನ ಮಿತಿ, ಶೇ 90ರ ಸಾಮರ್ಥ್ಯ (ಲಾಭ ನಿಜವಾಗಿ ಇದ್ದರೆ ಅದನ್ನು ಹಿಡಿಯುವ ಸಂಭವ) ಇಟ್ಟುಕೊಂಡರೆ ಸುಮಾರು 330 ಸಾವುಗಳ ದಾಖಲೆ ಬೇಕು. ಅದೇ ರೇಶಿಯೊ 0.80 ಎಂದಾದರೆ ಸುಮಾರು 845. ಉತ್ಸಾಹದಲ್ಲಿ 0.70 ಎಂದು ಬರೆದು, ನಿಜದಲ್ಲಿ 0.80 ಇದ್ದರೆ, ಒಳ್ಳೆಯ ಜೋಡಿಯೂ ಸೋತಂತೆ ಕಾಣುತ್ತದೆ.

ಲೀಪ್-002 ಇದಕ್ಕೆ ಹತ್ತಿರದ ನಿದರ್ಶನ. ಲೆನ್ವಾಟಿನಿಬ್ ಮಾತ್ರೆಯ ಜೊತೆ ಇಮ್ಯುನೋಥೆರಪಿ ಔಷಧಿ ಪೆಂಬ್ರೊಲಿಜುಮಾಬ್ ಕೊಟ್ಟವರ ಮಧ್ಯಮ ಬದುಕು 21.2 ತಿಂಗಳು, ಲೆನ್ವಾಟಿನಿಬ್ ಜೊತೆ ಪ್ಲಸೀಬೊ (ಔಷಧಿಯ ಗುಣವಿಲ್ಲದ ತೋರಿಕೆಯ ಮದ್ದು) ಪಡೆದವರದು 19.0. ರೇಶಿಯೊ 0.84. ಮೊದಲೇ ಗೊತ್ತುಮಾಡಿದ್ದ ಮಿತಿಯನ್ನು ಮುಟ್ಟಲಿಲ್ಲ. 2018ರ ರಿಫ್ಲೆಕ್ಟ್ ಟ್ರಯಲ್‌ನಲ್ಲಿ ಲೆನ್ವಾಟಿನಿಬ್ ಒಂದೇ ಕೊಟ್ಟವರ ಅವಧಿ 13.6 ತಿಂಗಳಿತ್ತು. ಈ ನಡುವೆ ಹೋಲಿಕೆ ಗುಂಪಿನವರಿಗೂ ಆಮೇಲೆ ಸಿಗುವ ಚಿಕಿತ್ಸೆಗಳು ಹೆಚ್ಚಾಗಿದ್ದವು. ಹಳೆಯ ಟ್ರಯಲ್‌ನ ಸಂಖ್ಯೆ ಇಟ್ಟುಕೊಂಡು ಹೊಸದರ ಲೆಕ್ಕ ಹಾಕಬಾರದು.

ಗುರಿಯಾಗಿ ಯಾವುದನ್ನು ಅಳೆಯುತ್ತೀರಿ ಎಂಬುದೂ ಮುಖ್ಯ. ಕಾಸ್ಮಿಕ್-312ರಲ್ಲಿ ಕ್ಯಾಬೊಜಾಂಟಿನಿಬ್ ಮತ್ತು ಅಟೆಜೊಲಿಜುಮಾಬ್ ಜೋಡಿ ರೋಗ ಮುಂದುವರಿಯುವುದನ್ನು ತಡಮಾಡಿತು, ಆದರೆ ಬದುಕು ಉದ್ದವಾಗಲಿಲ್ಲ. ಈ ರೋಗದಲ್ಲಿ ಒಟ್ಟು ಬದುಕಿನ ಅವಧಿಯನ್ನು ಬಿಟ್ಟು ಬೇರೆ ಗುರಿಗೆ ತೃಪ್ತಿಪಡುವುದನ್ನು ನಾವು ಒಪ್ಪುವುದಿಲ್ಲ.

ಐದನೇ ಹೆಜ್ಜೆ: ಔಷಧಿ ಕೊಡುವ ದಿನ

ಅಟೆಜೊಲಿಜುಮಾಬ್ 1200 ಮಿ.ಗ್ರಾಂ, ಬೆವಾಸಿಜುಮಾಬ್ ದೇಹದ ತೂಕದ ಪ್ರತಿ ಕಿಲೋಗೆ 15 ಮಿ.ಗ್ರಾಂ, ಮೂರು ವಾರಕ್ಕೊಮ್ಮೆ. 60 ಕಿಲೋ ಇದ್ದವರಿಗೆ 900 ಮಿ.ಗ್ರಾಂ ಆಯಿತು. ಹೊಟ್ಟೆಯಲ್ಲಿ 5 ಲೀಟರ್ ನೀರು ತುಂಬಿದರೆ ತೂಕ 65 ಕಿಲೋ ತೋರಿಸುತ್ತದೆ, ಡೋಸ್ ಸುಮ್ಮನೆ 75 ಮಿ.ಗ್ರಾಂ ಏರುತ್ತದೆ. ತೂಕ ಏರಿದಾಗ ಮೊದಲು ಹೊಟ್ಟೆ ಮುಟ್ಟಿ ನೋಡಿ. ಮೊದಲು ಅಟೆಜೊಲಿಜುಮಾಬ್ 60 ನಿಮಿಷ, ಆಮೇಲೆ ಬೆವಾಸಿಜುಮಾಬ್ 90 ನಿಮಿಷ. ಚೆನ್ನಾಗಿ ಒಗ್ಗಿದರೆ ಮುಂದಿನ ಸಲಗಳಲ್ಲಿ ಸಮಯ ಇಳಿಸಬಹುದು. ಲೆನ್ವಾಟಿನಿಬ್ ಆದರೆ 60 ಕಿಲೋ ಅಥವಾ ಹೆಚ್ಚಿನವರಿಗೆ ದಿನಕ್ಕೆ 12 ಮಿ.ಗ್ರಾಂ, ಅದಕ್ಕಿಂತ ಕಡಿಮೆ ತೂಕದವರಿಗೆ 8. ರಕ್ತಪರೀಕ್ಷೆಯ ವರದಿ ಕೈಗೆ ಬಂದು, ವೈದ್ಯರು ನೋಡಿ ಸಹಿ ಹಾಕುವವರೆಗೆ ಔಷಧಿ ಬೆರೆಸಲು ಹೇಳಬೇಡಿ.

ಆರನೇ ಹೆಜ್ಜೆ: ಕಿಣ್ವ ಏರಿದಾಗ

ಆರನೇ ವಾರ. ಆರಂಭದಲ್ಲಿ 45 ಇದ್ದ ಎಎಲ್‌ಟಿ ಈಗ 260. ಇಮ್ಯುನೋಥೆರಪಿಯಿಂದಾದ ಲಿವರ್ ಉರಿಯೂತ ಎಂದುಕೊಂಡು ತಕ್ಷಣ ಸ್ಟೀರಾಯ್ಡ್ ಶುರುಮಾಡುವುದೇ ಬಹಳಷ್ಟು ಕಡೆ ನಡೆಯುವ ತಪ್ಪು. ಕಾರಣ ಹೆಪಟೈಟಿಸ್ ಬಿ ಆಗಿದ್ದರೆ ಸ್ಟೀರಾಯ್ಡ್ ಬೆಂಕಿಗೆ ತುಪ್ಪ ಸುರಿಯುತ್ತದೆ.

ಎರಡೂ ಔಷಧಿ ನಿಲ್ಲಿಸಿ. ಎರಡು ಮೂರು ದಿನದೊಳಗೆ ಎಎಲ್‌ಟಿ, ಎಎಸ್‌ಟಿ, ಬಿಲಿರುಬಿನ್, ಐಎನ್‌ಆರ್ ಮತ್ತೆ ನೋಡಿ. ಕಿಣ್ವದ ಜೊತೆ ಬಿಲಿರುಬಿನ್ ಅಥವಾ ಐಎನ್‌ಆರ್ ಕೂಡ ಏರುತ್ತಿದ್ದರೆ ಕಾಯದೆ ಆಸ್ಪತ್ರೆಗೆ ದಾಖಲಿಸಿ. ಅದೇ ದಿನ ಹೆಪಟೈಟಿಸ್ ಬಿ ಡಿಎನ್‌ಎ ಕಳಿಸಿ, ಹೆಪಟೈಟಿಸ್ ಎ, ಸಿ, ಇ ಪರೀಕ್ಷೆಗಳನ್ನೂ ಸೇರಿಸಿ. ಡಾಪ್ಲರ್ ಅಲ್ಟ್ರಾಸೌಂಡ್‌ನಲ್ಲಿ ಪಿತ್ತನಾಳ ಕಟ್ಟಿದೆಯೇ, ಪೋರ್ಟಲ್ ನಾಳದಲ್ಲಿ ಹೊಸ ಹೆಪ್ಪು ಇದೆಯೇ ನೋಡಿ. ಗಡ್ಡೆ ಬೆಳೆದು ಲಿವರ್ ತುಂಬಿದರೂ ಕಿಣ್ವ ಏರುತ್ತದೆ, ಹಾಗಾಗಿ ಸ್ಕ್ಯಾನ್ ಮುಂದಕ್ಕೆ ತನ್ನಿ. ಮನೆಯವರನ್ನು ಕೂರಿಸಿಕೊಂಡು ಬೇರೆ ಏನೇನು ಕೊಟ್ಟಿದ್ದೀರೆಂದು ಸಮಾಧಾನದಿಂದ ಕೇಳಿ. ಬೇರು, ಚೂರ್ಣ, ಕಷಾಯ, ನೋವಿನ ಮಾತ್ರೆಗಳ ಸುದ್ದಿ ಗದರಿಸಿ ಕೇಳಿದರೆ ಹೊರಬರುವುದಿಲ್ಲ. ಇದೆಲ್ಲ ಅಲ್ಲವೆಂದಾದ ಮೇಲೆ ಪ್ರೆಡ್ನಿಸೊಲೋನ್ ದಿನಕ್ಕೆ ಕಿಲೋಗೆ 1ರಿಂದ 2 ಮಿ.ಗ್ರಾಂ. ಕಿಣ್ವ ಇಳಿದ ಮೇಲೆ ಕನಿಷ್ಠ ನಾಲ್ಕು ವಾರಗಳಲ್ಲಿ ನಿಧಾನವಾಗಿ ಕಡಿಮೆ ಮಾಡಿ. ಸ್ಟೀರಾಯ್ಡ್‌ಗೆ ಬಗ್ಗದಿದ್ದರೆ ರೋಗನಿರೋಧಕ ಶಕ್ತಿ ತಗ್ಗಿಸುವ ಮೈಕೋಫಿನೊಲೇಟ್. ಇನ್‌ಫ್ಲಿಕ್ಸಿಮಾಬ್ ಸ್ವತಃ ಲಿವರ್‌ಗೆ ಹಾನಿ ಮಾಡಬಲ್ಲದ್ದರಿಂದ ಇಲ್ಲಿ ಅದನ್ನು ಬಳಸುವುದಿಲ್ಲ. ಮೇಲಿನ ಪರೀಕ್ಷೆಗಳಿಗಾಗಿ ಒಂದೆರಡು ದಿನ ಕಾಯಬಹುದು, ಆದರೆ ಬಿಲಿರುಬಿನ್ ದಿನದಿನಕ್ಕೆ ಏರುತ್ತಿರುವಾಗ ವಾರಗಟ್ಟಲೆ ಕಾಯುವಂತಿಲ್ಲ.

ಭೇದಿಯದೂ ಇಂಥದ್ದೇ ಗೊಂದಲ. ಲೆನ್ವಾಟಿನಿಬ್‌ನಿಂದಲೂ ಆಗುತ್ತದೆ, ಇಮ್ಯುನೋಥೆರಪಿಯ ಕರುಳುರಿಯಿಂದಲೂ ಆಗುತ್ತದೆ. ಮಾತ್ರೆ ನಿಲ್ಲಿಸಿ ನೋಡಿ. ಅದು ದೇಹದಿಂದ ಬೇಗ ಹೊರಹೋಗುವ ಔಷಧಿ; ಕಾರಣ ಅದೇ ಆಗಿದ್ದರೆ ಕೆಲವು ದಿನಗಳಲ್ಲಿ ಭೇದಿ ಇಳಿಯುತ್ತದೆ. ಇಳಿಯದಿದ್ದರೆ, ರಕ್ತ ಬಿದ್ದರೆ, ಕರುಳಿನ ಎಂಡೋಸ್ಕೋಪಿ ಮಾಡಿಸಿ. ಮಾತ್ರೆಯ ಡೋಸ್ ಇಳಿಸಬಹುದು: 12ರಿಂದ 8, ಆಮೇಲೆ 4. ಇಮ್ಯುನೋಥೆರಪಿಯ ಡೋಸ್ ಇಳಿಸುವ ರೂಢಿಯಿಲ್ಲ, ಅದನ್ನು ತಡೆಹಿಡಿಯುವುದು ಇಲ್ಲವೇ ಪೂರ್ತಿ ಬಿಡುವುದು. ಆಸ್ಪತ್ರೆ ಸೇರಬೇಕಾದ ಅಥವಾ ಜೀವಕ್ಕೆ ಅಪಾಯವಾದ ಯಾವುದೇ ಘಟನೆ ಗೊತ್ತಾದ 24 ಗಂಟೆಯೊಳಗೆ ಟ್ರಯಲ್‌ನ ಹೊಣೆ ಹೊತ್ತ ಪ್ರಾಯೋಜಕರಿಗೆ ವರದಿ ಹೋಗಬೇಕು, ಕಾರಣ ಇನ್ನೂ ಗೊತ್ತಾಗದಿದ್ದರೂ ಸರಿ.

ಏಳನೇ ಹೆಜ್ಜೆ: ಸ್ಕ್ಯಾನ್ ಅಳೆಯುವುದು

ಲಿವರ್ ಗಡ್ಡೆ ಅಪಧಮನಿಯ ರಕ್ತ ಬಂದ ಕ್ಷಣದಲ್ಲಿ ಹೊಳೆದು, ಆಮೇಲಿನ ಹಂತಗಳಲ್ಲಿ ಮಂಕಾಗುತ್ತದೆ. ಆ ಮೊದಲ ಹಂತದ ಚಿತ್ರ ಕೆಲವು ಸೆಕೆಂಡ್ ತಪ್ಪಿದರೂ ಗಡ್ಡೆಯ ಗಾತ್ರ ಬೇರೆ ಕಾಣುತ್ತದೆ. ಪ್ರತಿ ಸಲವೂ ಅದೇ ಯಂತ್ರ, ಅದೇ ಕ್ರಮ ಇರಲಿ.

ಗಡ್ಡೆ ಅಳೆಯುವ ರೆಸಿಸ್ಟ್ 1.1 ನಿಯಮದ ಪ್ರಕಾರ ಹೆಚ್ಚೆಂದರೆ ಐದು ಗಡ್ಡೆ, ಒಂದು ಅಂಗದಲ್ಲಿ ಎರಡು, ಉದ್ದಗಳ ಮೊತ್ತ ತೆಗೆಯಬೇಕು. ಆರಂಭದಲ್ಲಿ 84 ಮಿ.ಮೀ. ಇದ್ದದ್ದು 58ಕ್ಕೆ ಇಳಿದರೆ ಶೇ 31 ಕುಗ್ಗಿದೆ, ಭಾಗಶಃ ಗುಣ ಎಂದು ದಾಖಲು. 60ಕ್ಕೆ ನಿಂತರೆ ಶೇ 28.6, ರೋಗ ಸ್ಥಿರ ಎಂದಷ್ಟೇ. ಮುಂದೆ ಹೆಚ್ಚಿತೆನ್ನಲು ಅತಿ ಕಡಿಮೆ ಇದ್ದ ಅಳತೆಯಿಂದ, ಅಂದರೆ 58ರಿಂದ, ಶೇ 20 ಏರಬೇಕು ಮತ್ತು ಆ ಏರಿಕೆ ಕನಿಷ್ಠ 5 ಮಿ.ಮೀ. ಇರಬೇಕು; ಇಲ್ಲಿ 70 ಮುಟ್ಟಿದಾಗ. 84ರಿಂದ ಎಣಿಸುವುದು ಹೊಸಬರು ಪದೇಪದೇ ಮಾಡುವ ತಪ್ಪು. ಮಾರ್ಪಡಿಸಿದ ರೆಸಿಸ್ಟ್‌ನಲ್ಲಿ ಹೊಳೆಯುವ, ಅಂದರೆ ಜೀವಂತ ಭಾಗವನ್ನು ಮಾತ್ರ ಅಳೆಯುತ್ತಾರೆ; ಎರಡರ ಉತ್ತರ ಬೇರೆ ಬರುತ್ತದೆ, ಬೆರೆಸಬೇಡಿ. ಸಿರೋಸಿಸ್ ಲಿವರ್‌ನಲ್ಲಿ ಹೊಸ ಗಂಟು ಕಂಡ ಮಾತ್ರಕ್ಕೆ ಅದು ಕ್ಯಾನ್ಸರ್ ಅಲ್ಲ. ಹೊಸದಾಗಿ ನೀರು ತುಂಬಿದ್ದೂ ಗಡ್ಡೆ ಬೆಳೆದದ್ದಕ್ಕೆ ಪುರಾವೆಯಲ್ಲ, ಲಿವರ್ ಸೋಲುತ್ತಿರಬಹುದು. ಒಂದು ಗುಂಪಿಗೆ ಡ್ರಿಪ್, ಇನ್ನೊಂದಕ್ಕೆ ಮಾತ್ರೆ ಎಂದಾಗ ಯಾರಿಗೆ ಏನು ಸಿಕ್ಕಿತೆಂದು ಎಲ್ಲರಿಗೂ ಗೊತ್ತಿರುತ್ತದೆ. ಆದ್ದರಿಂದ ಗುಂಪು ಯಾವುದೆಂದು ತಿಳಿಯದ ಹೊರಗಿನ ರೇಡಿಯಾಲಜಿಸ್ಟ್‌ಗಳು ಸ್ಕ್ಯಾನ್ ಓದಬೇಕು.

ಎಂಟನೇ ಹೆಜ್ಜೆ: ಫಲಿತಾಂಶ ಓದುವುದು

ಐಎಂಬ್ರೇವ್150ರಲ್ಲಿ 501 ಜನ. ಒಂದು ವರ್ಷದ ಹೊತ್ತಿಗೆ ಜೋಡಿ ಗುಂಪಿನಲ್ಲಿ ಶೇ 67.2, ಸೊರಾಫೆನಿಬ್ ಗುಂಪಿನಲ್ಲಿ ಶೇ 54.6 ಜನ ಬದುಕಿದ್ದರು. ಮುಂದಿನ ವಿಶ್ಲೇಷಣೆಯಲ್ಲಿ ಮಧ್ಯಮ ಅವಧಿ 19.2 ಮತ್ತು 13.4 ತಿಂಗಳು. ಹಿಮಾಲಯಾದಲ್ಲಿ ಮಧ್ಯಮ ಅವಧಿಯ ಅಂತರ ಸಣ್ಣದು, 16.4 ಮತ್ತು 13.8. ಆದರೆ ಮೂರು ವರ್ಷಕ್ಕೆ ಬದುಕಿದ್ದವರು ಶೇ 30.7, ಸೊರಾಫೆನಿಬ್ ಗುಂಪಿನಲ್ಲಿ ಶೇ 20.2. ಇಮ್ಯುನೋಥೆರಪಿ ಜೋಡಿಗಳಲ್ಲಿ ಲಾಭ ಗ್ರಾಫ್‌ನ ಬಾಲದಲ್ಲಿರುತ್ತದೆ, ಮಧ್ಯಮ ಸಂಖ್ಯೆಯೊಂದನ್ನೇ ನೋಡಿದರೆ ತಪ್ಪಿಹೋಗುತ್ತದೆ. ಈ ಎರಡು ಟ್ರಯಲ್‌ಗಳ ಸಂಖ್ಯೆಗಳನ್ನು ಪಕ್ಕದಲ್ಲಿಟ್ಟು ಯಾವುದು ಮೇಲು ಎನ್ನಬೇಡಿ. ಹಿಮಾಲಯಾ ಮುಖ್ಯ ಪೋರ್ಟಲ್ ನಾಳಕ್ಕೆ ಗಡ್ಡೆ ನುಗ್ಗಿದವರನ್ನು ಸೇರಿಸಿಕೊಂಡಿರಲಿಲ್ಲ.

ಮನೆಯವರು ಸಹಿ ಹಾಕುವ ಮೊದಲು

ಇಷ್ಟು ಕೇಳಿ: ಹೋಲಿಕೆ ಗುಂಪಿಗೆ ಬಿದ್ದರೆ ಸಿಗುವ ಔಷಧಿ ಈಗ ಬಳಕೆಯಲ್ಲಿರುವ ಒಳ್ಳೆಯ ಚಿಕಿತ್ಸೆಯೇ? ಪ್ಲಸೀಬೊ ಇದ್ದರೆ ಅದು ನಿಜವಾದ ಔಷಧಿಯ ಜೊತೆಗೋ, ಅದರ ಬದಲಿಗೋ? ಸ್ಕ್ಯಾನ್, ಎಂಡೋಸ್ಕೋಪಿ, ಅಡ್ಡಪರಿಣಾಮದ ಚಿಕಿತ್ಸೆಯ ಖರ್ಚು ಯಾರದು? ರಾತ್ರಿ ರಕ್ತವಾಂತಿಯಾದರೆ ಯಾವ ನಂಬರಿಗೆ ಫೋನ್ ಮಾಡಬೇಕು? ಬೇಡವೆನಿಸಿದರೆ ಯಾವಾಗ ಬೇಕಾದರೂ ಹೊರಬರಬಹುದು, ಅದಕ್ಕಾಗಿ ಮುಂದಿನ ಚಿಕಿತ್ಸೆ ನಿಲ್ಲಕೂಡದು. ಸಹಿ ಹಾಕಿದ ಪತ್ರದ ಒಂದು ಪ್ರತಿ ಮನೆಗೆ ಬರಬೇಕು.

ಕೊನೆಯ ಡೋಸ್ ಆದ ಮೇಲೆ

ಇಮ್ಯುನೋಥೆರಪಿಯ ತೊಂದರೆ ಔಷಧಿ ನಿಂತು ತಿಂಗಳುಗಳಾದ ಮೇಲೂ ಬರಬಹುದಾದ್ದರಿಂದ ಗಂಭೀರ ಘಟನೆಗಳನ್ನು ಸಾಮಾನ್ಯವಾಗಿ 90 ದಿನ ದಾಖಲಿಸುತ್ತಾರೆ. ಬೆವಾಸಿಜುಮಾಬ್ ಪಡೆದವರಿಗೆ ಯಾವುದಾದರೂ ಶಸ್ತ್ರಚಿಕಿತ್ಸೆ ಬೇಕಾದರೆ ಕನಿಷ್ಠ 28 ದಿನ ಬಿಡಬೇಕು, ಗಾಯ ಮಾಯುವುದು ತಡವಾಗುತ್ತದೆ. ಆಮೇಲೆ ನಿಯಮಿತವಾಗಿ ಫೋನ್ ಮಾಡಿ, ಹೇಗಿದ್ದಾರೆ, ಮುಂದೆ ಯಾವ ಔಷಧಿ ಶುರುವಾಯಿತು ಎಂದು ಬರೆದುಕೊಳ್ಳಿ. ಮುಂದಿನ ಚಿಕಿತ್ಸೆಯ ಹೆಸರು ಮತ್ತು ತಾರೀಖು ಇಲ್ಲದಿದ್ದರೆ ಲೀಪ್-002ರಂಥ ಫಲಿತಾಂಶವನ್ನು ವಿವರಿಸಲು ಆಗುವುದೇ ಇಲ್ಲ. ರೋಗಿಯ ನಂಬರ್ ಒಂದನ್ನೇ ನಂಬದೆ, ಟ್ರಯಲ್‌ಗೆ ಸೇರಿಸಿಕೊಳ್ಳುವ ದಿನವೇ ಅವರ ಒಪ್ಪಿಗೆಯಿಂದ ಇನ್ನಿಬ್ಬರು ಹತ್ತಿರದವರ ನಂಬರ್ ಪಡೆದಿಟ್ಟುಕೊಳ್ಳಿ.